ಮೆದುಳಿಲ್ಲದ ಹಳದಿ ಲೋಳೆ ದಾರಿ ಹುಡುಕುವುದು ಹೇಗೆ?

ಪ್ರಶ್ನೆ: ಸ್ಲೈಮ್ ಮೋಲ್ಡ್ ಎಂಬ ಏಕಕೋಶ ಜೀವಿ ಚಕ್ರವ್ಯೂಹದಲ್ಲಿ ಹತ್ತಿರದ ದಾರಿ ಹುಡುಕುತ್ತದೆ, ಟೋಕಿಯೊದ ರೈಲು ಜಾಲವನ್ನು ತಾನೇ ಬಿಡಿಸುತ್ತದೆ, ಕಲಿತದ್ದನ್ನು ನೆನಪಿಡುತ್ತದೆ ಎಂದೆಲ್ಲ ಓದಿದೆ. ಮೆದುಳೇ ಇಲ್ಲದೆ ಇದು ಸಾಧ್ಯವೆ, ಅಥವಾ ಸುದ್ದಿಯವರ ಉತ್ಪ್ರೇಕ್ಷೆಯೆ? ಪ್ರೌಢಶಾಲೆಯ ಮಕ್ಕಳ ಜೊತೆ ಇದನ್ನು ಮಾಡಿ ನೋಡಬಹುದೆ?

ಉತ್ತರ: ಮಾಡಿ ನೋಡಬಹುದು. ಆದರೆ ಮೊದಲು ಆ ಸುದ್ದಿಗಳನ್ನು ಸ್ವಲ್ಪ ಜಾಲಿಸಿಕೊಳ್ಳಬೇಕು. ನೀವು ಹೇಳಿದ ಮೂರೂ ಪ್ರಯೋಗಗಳು ನಿಜವಾಗಿ ನಡೆದಿವೆ, ಹೆಸರುವಾಸಿ ಪತ್ರಿಕೆಗಳಲ್ಲಿ ಪ್ರಕಟವಾಗಿವೆ. ಸುದ್ದಿಯಲ್ಲಿ ಬಿಟ್ಟುಹೋಗುವುದು ಪ್ರಯೋಗವನ್ನು ಹೇಗೆ ಹೂಡಿದ್ದರು ಎಂಬ ಭಾಗ. ತರಗತಿಯಲ್ಲಿ ಈ ಪ್ರಯೋಗ ಕೆಡುವುದೂ ಬಹುಮಟ್ಟಿಗೆ ಅದೇ ಭಾಗ ಗೊತ್ತಿಲ್ಲದ್ದರಿಂದ.

ಈ ಪ್ರಯೋಗಗಳಲ್ಲೆಲ್ಲ ಬಳಸಿದ್ದು ಫೈಸಾರಮ್ ಪಾಲಿಸೆಫಾಲಮ್ ಎಂಬ ಒಂದೇ ಪ್ರಭೇದ. ಹೆಸರಿನಲ್ಲಿ ಮೋಲ್ಡ್ ಇದ್ದರೂ ಇದು ಶಿಲೀಂಧ್ರವಲ್ಲ, ಅಮೀಬಾಗಳ ಬಳಗಕ್ಕೆ ಸೇರಿದ್ದು. ಒದ್ದೆ ಕಾಡಿನ ಕೊಳೆತ ಮರ, ಎಲೆಗಳ ಮೇಲೆ ಹರಿದಾಡುತ್ತ ಬ್ಯಾಕ್ಟೀರಿಯಾ, ಶಿಲೀಂಧ್ರಗಳನ್ನು ತಿಂದು ಬದುಕುತ್ತದೆ. ನಮ್ಮ ಕಣ್ಣಿಗೆ ಕಾಣುವ ಹಂತಕ್ಕೆ ಪ್ಲಾಸ್ಮೋಡಿಯಮ್ ಎನ್ನುತ್ತಾರೆ: ಅಂಗೈಯಗಲ ಹರಡಿಕೊಂಡ, ಬೀಸಣಿಗೆಯಂಥ ಮುಂಚೂಣಿಯುಳ್ಳ ಹಳದಿ ಜಾಲ. ಅಷ್ಟೂ ಒಂದೇ ಕೋಶ. ಒಳಗೆ ಕೋಟ್ಯಂತರ ಕೋಶಕೇಂದ್ರಗಳಿದ್ದರೂ ನಡುವೆ ಗೋಡೆಗಳಿಲ್ಲ. ಆ ಕೇಂದ್ರಗಳೆಲ್ಲ ಹೆಚ್ಚುಕಡಿಮೆ ಒಂದೇ ಹೊತ್ತಿಗೆ ವಿಭಜನೆಯಾಗುತ್ತವೆ. ಹೀಗಾಗಿ ಚಕ್ರವ್ಯೂಹದ ಪ್ರಯೋಗಕ್ಕೆ ಬಹಳ ಮೊದಲೇ, ಕೋಶ ವಿಭಜನೆಯನ್ನು ಅಧ್ಯಯನ ಮಾಡುವವರ ಪ್ರಯೋಗಾಲಯಗಳಲ್ಲಿ ಇದು ಸಾಕುಪ್ರಾಣಿಯಾಗಿತ್ತು.

ಇದರ ದೇಹವೆಂದರೆ ನಾಳಗಳ ಜಾಲ. ನಾಳದ ಗೋಡೆಯಲ್ಲಿ ಆಕ್ಟಿನ್ ಮತ್ತು ಮಯೋಸಿನ್ ಇವೆ. ನಮ್ಮ ಸ್ನಾಯುಗಳನ್ನು ಕುಗ್ಗಿಸುವ ಪ್ರೋಟೀನ್ ಜೋಡಿಯೂ ಇದೇ. ಗೋಡೆ ಲಯಬದ್ಧವಾಗಿ ಕುಗ್ಗಿ ಹಿಗ್ಗಿದಂತೆ ಒಳಗಿನ ದ್ರವ ಸೆಕೆಂಡಿಗೆ ಸುಮಾರು 1 ಮಿಲಿಮೀಟರ್ ವೇಗದಲ್ಲಿ ಒಂದು ಕಡೆಗೆ ಧಾವಿಸುತ್ತದೆ. ಒಂದೆರಡು ನಿಮಿಷ ಹೀಗೆ ಹರಿದು, ನಿಂತು, ಬಂದ ದಿಕ್ಕಿಗೇ ಮರಳುತ್ತದೆ. ಹೋದದ್ದಕ್ಕಿಂತ ಮರಳಿದ್ದು ತುಸು ಕಡಿಮೆಯಾದರೆ ಆ ವ್ಯತ್ಯಾಸದಷ್ಟೇ ಇಡೀ ಜೀವಿ ಮುಂದೆ ಸರಿದಂತೆ. ಒಳಗೆ ಅಷ್ಟು ರಭಸವಿದ್ದರೂ ಹೊರಗಿನ ನಡಿಗೆ ಗಂಟೆಗೆ ಸುಮಾರು ಒಂದು ಸೆಂಟಿಮೀಟರ್. ಸಾಮಾನ್ಯ ಶಾಲಾ ಸೂಕ್ಷ್ಮದರ್ಶಕದಲ್ಲಿ, 40ರಿಂದ 100 ಪಟ್ಟು ಹಿಗ್ಗಿಸಿ ನೋಡಿದರೆ ಈ ಹರಿವು ಕಾಣುತ್ತದೆ. ಬೇರೇನೂ ಮಾಡಲಾಗದಿದ್ದರೂ ಇದೊಂದನ್ನು ಮಕ್ಕಳಿಗೆ ತೋರಿಸಿ. ಹರಿವು ತಿರುಗುವ ಆ ಕ್ಷಣಕ್ಕಾಗಿ ಇಡೀ ತರಗತಿ ಉಸಿರು ಬಿಗಿಹಿಡಿದು ಕಾಯುತ್ತದೆ.

ಈಗ ಚಕ್ರವ್ಯೂಹಕ್ಕೆ ಬರೋಣ. ಜಪಾನಿನ ತೊಶಿಯುಕಿ ನಕಗಾಕಿ ಮತ್ತು ಸಂಗಡಿಗರು ಇದನ್ನು 2000ದಲ್ಲಿ ‘ನೇಚರ್’ ಪತ್ರಿಕೆಯಲ್ಲಿ ಪ್ರಕಟಿಸಿದರು. ಸುದ್ದಿ ಓದಿದವರ ಮನಸ್ಸಿನಲ್ಲಿ ಮೂಡುವ ಚಿತ್ರ ಹೀಗಿರುತ್ತದೆ: ಲೋಳೆಯನ್ನು ಬಾಗಿಲಲ್ಲಿ ಬಿಟ್ಟರು, ಅದು ತಡಕಾಡುತ್ತ ಒಳಹೊಕ್ಕು, ತಪ್ಪು ದಾರಿಗಳಿಂದ ಹಿಂದಿರುಗಿ, ಕೊನೆಗೆ ಆಹಾರ ತಲುಪಿತು. ನಡೆದದ್ದು ಹಾಗಲ್ಲ. ಅಗರ್ ಎಂಬ, ಕಡಲಪಾಚಿಯಿಂದ ತೆಗೆದ ಜೆಲ್ಲಿಯಂಥ ವಸ್ತುವಿನ ಹಾಸಿನ ಮೇಲೆ ಪ್ಲಾಸ್ಟಿಕ್ ಹಾಳೆಯಿಂದ ಕತ್ತರಿಸಿದ ಚಕ್ರವ್ಯೂಹವನ್ನು ಇಟ್ಟರು. ಒಣ ಪ್ಲಾಸ್ಟಿಕ್ಕಿನ ಮೇಲೆ ಈ ಜೀವಿ ಹತ್ತಲು ಒಲ್ಲದು, ಹಾಗಾಗಿ ಅದೇ ಗೋಡೆ. ಲೋಳೆಯ ಚಿಕ್ಕಚಿಕ್ಕ ತುಣುಕುಗಳನ್ನು ಎಲ್ಲ ಓಣಿಗಳಲ್ಲೂ ಇಟ್ಟರು. ತುಣುಕುಗಳು ಹರಡಿ ಒಂದಕ್ಕೊಂದು ಬೆಸೆದುಕೊಂಡು ಚಕ್ರವ್ಯೂಹವನ್ನೆಲ್ಲ ತುಂಬಿದವು. ಆಮೇಲಷ್ಟೇ ಎರಡು ತುದಿಗಳಲ್ಲಿ ಓಟ್ಸ್ ಬೆರೆಸಿದ ಅಗರ್ ತುಂಡುಗಳನ್ನು ಇರಿಸಿದರು. ಕೆಲವು ಗಂಟೆಗಳಲ್ಲಿ ಕುರುಡು ಓಣಿಗಳಿಂದ ಲೋಳೆ ಹಿಂದೆಗೆಯಿತು. ಇನ್ನೂ ಕೆಲವು ಗಂಟೆ ಕಳೆದಾಗ ಎರಡು ಆಹಾರಗಳ ನಡುವೆ ಒಂದೇ ದಪ್ಪ ನಾಳ ಉಳಿದಿತ್ತು, ಅದೂ ಹತ್ತಿರದ ದಾರಿಯಲ್ಲಿ. ದಾರಿಯನ್ನು ಹುಡುಕಿತು ಎನ್ನುವುದಕ್ಕಿಂತ ಬೇಡದ ದಾರಿಗಳನ್ನು ಅಳಿಸಿತು ಎಂದರೆ ನಡೆದದ್ದಕ್ಕೆ ಹೆಚ್ಚು ಹತ್ತಿರ.

ಅಳಿಸುವುದು ಯಾವುದನ್ನು ಎಂದು ಗೊತ್ತಾಗುವುದು ಹೇಗೆ? ಕಾರಣ ದ್ರವದ ಹರಿವಿನಲ್ಲಿದೆ. ಕೊಳವೆಯಲ್ಲಿ ಹರಿಯುವ ದ್ರವದ ಪ್ರಮಾಣ ಅದರ ತ್ರಿಜ್ಯದ ನಾಲ್ಕನೇ ಘಾತಕ್ಕೆ ಅನುಗುಣವಾಗಿಯೂ ಉದ್ದಕ್ಕೆ ವಿಲೋಮವಾಗಿಯೂ ಇರುತ್ತದೆ. ಒತ್ತಡ ಅಷ್ಟೇ ಇದ್ದು ತ್ರಿಜ್ಯ ಇಮ್ಮಡಿಸಿದರೆ ಹರಿವು 16 ಪಟ್ಟು. ಉದ್ದ ಇಮ್ಮಡಿಸಿದರೆ ಅರ್ಧ. ಫೈಸಾರಮ್‌ನಲ್ಲಿ ಹೆಚ್ಚು ಹರಿವು ಕಂಡ ನಾಳ ದಪ್ಪವಾಗುತ್ತದೆ, ಕಡಿಮೆ ಹರಿವಿನದು ಸೊರಗುತ್ತದೆ. ಎರಡು ದಾರಿಗಳು ಒಂದೇ ದಪ್ಪದಿಂದ ಶುರುವಾದರೂ ಚಿಕ್ಕ ದಾರಿಗೆ ಆರಂಭದಲ್ಲಿ ತುಸು ಹೆಚ್ಚು ಹರಿವು ಸಿಗುತ್ತದೆ. ಅದರಿಂದ ಅದು ತುಸು ದಪ್ಪವಾಗುತ್ತದೆ. ನಾಲ್ಕನೇ ಘಾತದ ದೆಸೆಯಿಂದ ಆ ತುಸುವೇ ಬೇಗನೆ ಬಹಳವಾಗುತ್ತದೆ. ಗದ್ದೆಗೆ ಎರಡು ಕಡೆಯಿಂದ ನೀರು ಬಿಟ್ಟಾಗ ರಭಸದ ಕಾಲುವೆ ತನ್ನ ತಳವನ್ನು ತಾನೇ ಕೊರೆದುಕೊಂಡು ಇನ್ನಷ್ಟು ನೀರು ಎಳೆಯುವಂತೆ. ಎಲ್ಲ ದಾರಿಗಳನ್ನೂ ಹೋಲಿಸಿ ನೋಡುವ ಒಂದು ಕೇಂದ್ರ ಇದರಲ್ಲಿ ಎಲ್ಲೂ ಬೇಕಾಗಿಲ್ಲ. ಪ್ರತಿ ನಾಳಕ್ಕೂ ತನ್ನೊಳಗಿನ ಹರಿವಿನ ಪರಿವೆ ಇದ್ದರೆ ಸಾಕು, ಲೆಕ್ಕ ಜಾಲದಲ್ಲೇ ಇತ್ಯರ್ಥವಾಗುತ್ತದೆ.

ಇದರ ಮಿತಿಯೂ ಅಲ್ಲೇ ಇದೆ. ಮೂಲ ಪ್ರಯೋಗದ ಚಕ್ರವ್ಯೂಹದಲ್ಲಿ ಎರಡು ಕವಲುಗಳಿದ್ದವು, ಒಟ್ಟು ನಾಲ್ಕು ದಾರಿಗಳು. ಒಂದು ಕವಲಿನ ಎರಡು ದಾರಿಗಳ ಉದ್ದದಲ್ಲಿ ಸುಮಾರು ಐದನೇ ಒಂದು ಭಾಗದಷ್ಟು ವ್ಯತ್ಯಾಸ. ಅಲ್ಲಿ ಚಿಕ್ಕದೇ ಗೆದ್ದಿತು. ಇನ್ನೊಂದು ಕವಲಿನ ದಾರಿಗಳು ಬಹುತೇಕ ಸಮ. ಅಲ್ಲಿ ಯಾವುದು ಉಳಿಯಿತು ಎಂಬುದಕ್ಕೆ ನಿಯಮವಿರಲಿಲ್ಲ. ಸುದ್ದಿಯಲ್ಲಿ ಈ ಎರಡನೇ ಕವಲು ಬರುವುದೇ ಇಲ್ಲ. ನಿಮ್ಮ ಪ್ರಯೋಗಕ್ಕೆ ಬೇಕಾದ ಸೂಚನೆ ಮಾತ್ರ ಅದರಲ್ಲೇ ಇದೆ: ದಾರಿಗಳ ಉದ್ದದಲ್ಲಿ ಕನಿಷ್ಠ ಶೇ. 25ರಷ್ಟು ವ್ಯತ್ಯಾಸವಿಡಿ.

ಟೋಕಿಯೊ ಪ್ರಯೋಗ 2010ರದ್ದು, ‘ಸೈನ್ಸ್’ ಪತ್ರಿಕೆಯಲ್ಲಿ ಬಂದದ್ದು; ಅತ್ಸುಷಿ ತೆರೊ ಮೊದಲ ಲೇಖಕರು. ಟೋಕಿಯೊ ಸುತ್ತಲ 36 ನಗರಗಳ ಸ್ಥಾನಗಳಲ್ಲಿ ಆಹಾರವಿಟ್ಟು, ಟೋಕಿಯೊ ಇರುವ ಜಾಗದಲ್ಲಿ ಲೋಳೆ ಬಿಟ್ಟರು. ಅದು ಮೊದಲು ಎಲ್ಲೆಡೆ ಹರಡಿ, ಒಂದು ದಿನ ಕಳೆಯುವಷ್ಟರಲ್ಲಿ ಆಹಾರಗಳನ್ನು ಜೋಡಿಸುವ ನಾಳಗಳಿಗೆ ಇಳಿಯಿತು. ಬೆಟ್ಟ, ಸಮುದ್ರಗಳಿರುವ ಕಡೆ ಬೆಳಕು ಬಿಟ್ಟಿದ್ದರು, ಏಕೆಂದರೆ ಈ ಜೀವಿಗೆ ಬೆಳಕು ಆಗದು. ಪ್ರತಿ ಬಾರಿ ಬಂದ ಜಾಲ ಬೇರೆಬೇರೆ. ರೈಲು ಮಾರ್ಗದ ನಕಲು ಯಾವುದೂ ಅಲ್ಲ. ಲೇಖಕರು ಅಳೆದದ್ದು ಮೂರನ್ನು: ಜಾಲದ ಒಟ್ಟು ಉದ್ದ, ಎರಡು ಊರುಗಳ ನಡುವಿನ ಸರಾಸರಿ ದೂರ, ಒಂದು ಕೊಂಡಿ ಕಡಿದರೂ ಜಾಲ ಒಡೆಯದೆ ಉಳಿಯುವ ಸಾಧ್ಯತೆ. ಈ ಮೂರರಲ್ಲಿ ಲೋಳೆಯ ಜಾಲ ನಿಜವಾದ ರೈಲು ಜಾಲಕ್ಕೆ ಸರಿಗಟ್ಟಿತು. ಇಂಜಿನಿಯರುಗಳನ್ನು ಸೋಲಿಸಿತು ಎಂಬ ಶೀರ್ಷಿಕೆಗಳಿಗೆ ಆಧಾರವಿಲ್ಲ. ರೈಲು ಹಾಕುವವರಿಗೆ ಜಮೀನು, ಹಣ, ರಾಜಕೀಯ ಎಲ್ಲ ಅಡ್ಡ ಬರುತ್ತವೆ, ಲೋಳೆಗೆ ಬೆಳಕೊಂದೇ. ಇದೇ ತಂಡಕ್ಕೆ ಇಗ್ ನೊಬೆಲ್ ಎರಡು ಬಾರಿ ಬಂದಿದೆ, ಚಕ್ರವ್ಯೂಹಕ್ಕೆ 2008ರಲ್ಲಿ, ರೈಲಿಗೆ 2010ರಲ್ಲಿ. ನಗಿಸುವ ಬಹುಮಾನವಾದರೂ ಕೆಲಸ ಗಟ್ಟಿಯದೇ.

ಇದೇ ಸಾಲಿನಲ್ಲಿ ಒಂದು ಎಚ್ಚರಿಕೆ. 2018ರಲ್ಲಿ ಜಪಾನಿನ ಇನ್ನೊಂದು ತಂಡ, ಎಂಟು ಊರುಗಳನ್ನು ಒಂದೊಂದೇ ಬಾರಿ ಮುಟ್ಟಿ ಬರುವ ಕಡಿಮೆ ಉದ್ದದ ಸುತ್ತನ್ನು ಹುಡುಕುವ ಲೆಕ್ಕವನ್ನು ಈ ಜೀವಿಯಿಂದ ಮಾಡಿಸಿತು. ಕಂಪ್ಯೂಟರನ್ನು ಮೀರಿಸಿತು ಎಂದು ಸುದ್ದಿಯಾಯಿತು. ಆ ಪ್ರಯೋಗದಲ್ಲಿ ಲೋಳೆ ಚಾಚಿಕೊಳ್ಳುವ ಕಾಲುವೆಗಳಲ್ಲಿ ಯಾವುದರ ಮೇಲೆ ಬೆಳಕು ಬೀಳಬೇಕು ಎಂದು ಆಗಾಗ ನಿರ್ಧರಿಸುತ್ತಿದ್ದುದು ಒಂದು ಕಂಪ್ಯೂಟರ್. ಊರುಗಳ ನಡುವಿನ ದೂರ ಗೊತ್ತಿದ್ದದ್ದೂ ಅದಕ್ಕೇ. ಅಂದರೆ ಲೆಕ್ಕ ಬಿಡಿಸಿದ್ದು ಇಬ್ಬರೂ ಸೇರಿ. ಊರುಗಳು ನಾಲ್ಕರಿಂದ ಎಂಟಕ್ಕೆ ಏರಿದಾಗ ಬೇಕಾದ ಸಮಯ ಸರಳವಾಗಿ ಏರಿತಷ್ಟೆ ಎಂಬುದು ನಿಜಕ್ಕೂ ಕುತೂಹಲದ ಫಲಿತಾಂಶ, ಆದರೆ ಎಂಟು ಊರುಗಳ ಲೆಕ್ಕ ಯಾವ ಕಂಪ್ಯೂಟರಿಗೂ ಕಷ್ಟವಲ್ಲ.

ಇನ್ನು ನೆನಪು. ಇಲ್ಲಿ ಮೂರು ಬೇರೆಬೇರೆ ಸಂಗತಿಗಳನ್ನು ಒಂದೇ ಮಾತಿನಲ್ಲಿ ಕಲಸಿಬಿಟ್ಟಿದ್ದಾರೆ.

ಒಂದು, ಹೊರಗಿನ ನೆನಪು. ಫೈಸಾರಮ್ ಹೋದಲ್ಲೆಲ್ಲ ಪಾರದರ್ಶಕ ಲೋಳೆಯ ಜಾಡು ಬಿಡುತ್ತದೆ, ಮತ್ತೆ ಆ ಜಾಡು ತಗುಲಿದರೆ ದೂರ ಸರಿಯುತ್ತದೆ. 2012ರಲ್ಲಿ ಕ್ರಿಸ್ ರೀಡ್ ಮತ್ತು ಸಂಗಡಿಗರು ಇಂಗ್ಲಿಷ್ ‘ಯು’ ಆಕಾರದ ಬೋನಿನ ಹಿಂದೆ ಆಹಾರವಿಟ್ಟು ಪರೀಕ್ಷಿಸಿದರು. ಸ್ವಚ್ಛ ಅಗರ್ ಮೇಲೆ ಶೇ. 96ರಷ್ಟು ಲೋಳೆಗಳು ಬೋನಿನಿಂದ ಬಿಡಿಸಿಕೊಂಡು ಗುರಿ ಮುಟ್ಟಿದವು. ಅಗರ್‌ಗೆಲ್ಲ ಮೊದಲೇ ಜಾಡು ಸವರಿದ್ದಾಗ ಮುಟ್ಟಿದ್ದು ಶೇ. 33 ಮಾತ್ರ. ತಾನು ಎಲ್ಲಿಗೆ ಹೋಗಿದ್ದೆ ಎಂಬುದನ್ನು ಇದು ನೆಲದ ಮೇಲೆ ಬರೆದಿಡುತ್ತದೆ. ನೆಲವೆಲ್ಲ ಗೀಚಿದ್ದರೆ ಓದಲಾಗುವುದಿಲ್ಲ.

ಎರಡು, ಒಗ್ಗಿಕೊಳ್ಳುವುದು. ಫ್ರಾನ್ಸಿನ ತುಲೂಸ್‌ನಲ್ಲಿ ಓದ್ರೆ ದ್ಯುಸುತೂರ್ ಅವರ ತಂಡ 2016ರಲ್ಲಿ ಇದನ್ನು ತೋರಿಸಿತು. ಆಹಾರಕ್ಕೆ ಹೋಗಲು ಅಗರ್‌ನ ಕಿರುಸೇತುವೆ, ಸೇತುವೆಯಲ್ಲಿ ಕಹಿಯಾದ ಕ್ವಿನೀನ್ ಅಥವಾ ಕೆಫೀನ್. ಮೊದಲ ದಿನ ಲೋಳೆ ಅಂಚಿನಲ್ಲೇ ಹಿಂಜರಿದು, ಕೊನೆಗೆ ಸಣ್ಣ ಎಳೆಯೊಂದನ್ನು ಚಾಚಿ ದಾಟುತ್ತದೆ. ದಿನವೂ ದಾಟಿಸುತ್ತ ಹೋದರೆ ಆರನೇ ದಿನದ ಹೊತ್ತಿಗೆ ಏನೂ ಇಲ್ಲದ ಸೇತುವೆಯನ್ನು ದಾಟುವಷ್ಟೇ ಬೇಗ ದಾಟುತ್ತದೆ. ಎರಡು ದಿನ ಬಿಡುವು ಕೊಟ್ಟರೆ ಹಳೆಯ ಹಿಂಜರಿಕೆ ಮರಳುತ್ತದೆ. ಇದು ಬರೀ ಸುಸ್ತೋ, ಸಂವೇದನೆ ಸತ್ತುಹೋದದ್ದೋ ಅಲ್ಲ ಎನ್ನಲು ಒಂದು ಪರೀಕ್ಷೆ ಇತ್ತು: ಕ್ವಿನೀನಿಗೆ ಒಗ್ಗಿದ ಲೋಳೆ ಕೆಫೀನ್ ಎದುರು ಮತ್ತೆ ಹಿಂಜರಿಯಿತು. ನನ್ನ ದೃಷ್ಟಿಯಲ್ಲಿ ಇಡೀ ಪ್ರಬಂಧದ ಬೆನ್ನೆಲುಬು ಈ ಒಂದು ಪರೀಕ್ಷೆ. ಅದೇ ವರ್ಷ ಇನ್ನೂ ವಿಚಿತ್ರವಾದದ್ದು ಬಂತು. ಉಪ್ಪಿಗೆ ಒಗ್ಗಿದ ಲೋಳೆಯನ್ನೂ ಒಗ್ಗದ್ದನ್ನೂ ಪಕ್ಕಪಕ್ಕ ಇಟ್ಟರೆ ಅವು ಬೆಸೆದುಕೊಳ್ಳುತ್ತವೆ. ಒಂದು ಗಂಟೆಯಲ್ಲೇ ಬೇರ್ಪಡಿಸಿದರೆ ಒಗ್ಗದ್ದು ಒಗ್ಗದ್ದಾಗಿಯೇ ಉಳಿಯುತ್ತದೆ. ಮೂರು ಗಂಟೆ ಬಿಟ್ಟು ಬೇರ್ಪಡಿಸಿದರೆ ಅದೂ ಒಗ್ಗಿದಂತೆ ನಡೆದುಕೊಳ್ಳುತ್ತದೆ. ಆ ನಡುವೆ ಎರಡನ್ನೂ ಕೂಡಿಸುವ ನಾಳ ಬೆಳೆದಿರುತ್ತದೆ. 2019ರಲ್ಲಿ ಕಾರಣದ ಒಂದು ಎಳೆ ಸಿಕ್ಕಿತು: ಒಗ್ಗುವಾಗ ಜೀವಿ ಉಪ್ಪನ್ನು ಹೀರಿ ಒಳಗಿಟ್ಟುಕೊಳ್ಳುತ್ತದೆ, ಒಣಗಿ ಒಂದು ತಿಂಗಳು ಸುಪ್ತವಾಗಿದ್ದು ಎಚ್ಚೆತ್ತ ಮೇಲೂ ಅಭ್ಯಾಸ ಉಳಿದಿರುತ್ತದೆ. ಹಾಗಾದರೆ ಇದನ್ನು ಕಲಿಕೆ ಎನ್ನಬೇಕೆ, ದೇಹದ ರಾಸಾಯನಿಕ ಹೊಂದಾಣಿಕೆ ಎನ್ನಬೇಕೆ? ಒಗ್ಗಿಕೊಳ್ಳುವುದು ಕಲಿಕೆಯ ಅತಿ ಸರಳ ರೂಪ ಎಂದು ಪಠ್ಯಗಳು ಹೇಳುತ್ತವೆ. ಆ ಅರ್ಥದಲ್ಲಿ ಕಲಿಕೆ ಹೌದು. ನಾಯಿ ಗಂಟೆ ಕೇಳಿ ಜೊಲ್ಲು ಸುರಿಸುವ ಬಗೆಯ ಕಲಿಕೆಯನ್ನು ಇದರಿಂದ ಊಹಿಸಿಕೊಳ್ಳಬಾರದು.

ಮೂರು, ದೇಹದ ರಚನೆಯಲ್ಲೇ ಉಳಿಯುವ ಗುರುತು. 2021ರಲ್ಲಿ ಮಿರ್ನಾ ಕ್ರಾಮರ್ ಮತ್ತು ಕಾರೆನ್ ಅಲೀಮ್ ತೋರಿಸಿದಂತೆ, ಆಹಾರ ಸಿಕ್ಕ ಜಾಗದ ಸುತ್ತ ನಾಳಗಳು ದಪ್ಪವಾಗುತ್ತವೆ, ಆಹಾರ ಮುಗಿದ ಮೇಲೂ ಆ ದಪ್ಪ-ತೆಳುವಿನ ವಿನ್ಯಾಸ ಉಳಿದು ಮುಂದಿನ ಚಲನೆಯ ದಿಕ್ಕಿನ ಮೇಲೆ ಪ್ರಭಾವ ಬೀರುತ್ತದೆ. ಅದೇ ವರ್ಷ ಇನ್ನೊಂದು ತಂಡ ತಟ್ಟೆಯ ಒಂದು ಬದಿಗೆ ಒಂದು ಗಾಜಿನ ಬಿಲ್ಲೆ, ಎದುರು ಬದಿಗೆ ಮೂರು ಬಿಲ್ಲೆ ಇಟ್ಟಿತು. ಆಹಾರ ಎಲ್ಲೂ ಇಲ್ಲ. ಹತ್ತಿಪ್ಪತ್ತು ಬಾರಿಯಲ್ಲ, ಬಹಳ ಬಾರಿ ಮಾಡಿ ನೋಡಿದಾಗ ಸುಮಾರು ಶೇ. 70ರಷ್ಟು ಸಲ ಲೋಳೆ ಮೂರರ ಕಡೆಗೇ ಹೋಯಿತು. ಮುಟ್ಟದೆಯೇ ಗೊತ್ತಾದದ್ದು ಹೇಗೆಂದರೆ, ಬಿಲ್ಲೆಯ ಭಾರಕ್ಕೆ ಅಗರ್ ಹಾಸು ಅತ್ಯಲ್ಪವಾಗಿ ಸೆಳೆತಕ್ಕೊಳಗಾಗುತ್ತದೆ, ತನ್ನ ಲಯಬದ್ಧ ಎಳೆತದಿಂದ ಲೋಳೆ ಅದನ್ನು ಗ್ರಹಿಸುತ್ತದೆ ಎಂಬುದು ಅವರ ವಿವರಣೆ. ನಿಮ್ಮ ಪ್ರಯೋಗಕ್ಕೂ ಇದರಲ್ಲಿ ಪಾಠವಿದೆ. ತಟ್ಟೆಯೊಳಗೆ ಗುರುತಿಗೆಂದು ನಾಣ್ಯವನ್ನೋ ಬಿಲ್ಲೆಯನ್ನೋ ಇಡಬೇಡಿ.

ಈಗ ಬೆಳೆಸುವ ಬಗೆ. ವಿಜ್ಞಾನ ಸಾಮಗ್ರಿ ಮಾರುವವರಲ್ಲಿ ಇದು ಸೋಸುಕಾಗದದ ಮೇಲೆ ಒಣಗಿಸಿದ ರೂಪದಲ್ಲಿ ಸಿಗುತ್ತದೆ. ಈ ಒಣ ಹಂತದ ಹೆಸರು ಸ್ಕ್ಲೆರೋಷಿಯಮ್. ಮಳೆಗಾಲದಲ್ಲಿ ಕೊಳೆತ ಮರದಡಿ ಸಿಗುವ ಹಳದಿ ಜಾಲವನ್ನೂ ತರಬಹುದು, ಆದರೆ ಸ್ಲೈಮ್ ಮೋಲ್ಡ್‌ಗಳಲ್ಲಿ ನೂರಾರು ಪ್ರಭೇದಗಳಿವೆ, ಹಲವು ಓಟ್ಸ್ ಮೇಲೆ ಬದುಕುವುದಿಲ್ಲ. ಮೊದಲ ಸಲಕ್ಕೆ ಕೊಂಡದ್ದೇ ವಾಸಿ.

ಹಾಸಿಗೆ ಸಾದಾ ಅಗರ್ ಸಾಕು: 500 ಮಿಲಿಲೀಟರ್ ನೀರಿಗೆ 6 ಗ್ರಾಂ. ಅಡುಗೆಗೆ ಬಳಸುವ ಅಗರ್ ಪುಡಿ ನಡೆಯುತ್ತದೆ. ಸಕ್ಕರೆ, ಸಾರು ಏನನ್ನೂ ಬೆರೆಸಬೇಡಿ. ಪೋಷಕಾಂಶ ಹಾಕಿದರೆ ಲೋಳೆ ಬೆಳೆಯುವ ಮೊದಲು ಬೂಷ್ಟು, ಬ್ಯಾಕ್ಟೀರಿಯಾ ಬೆಳೆಯುತ್ತವೆ, ಮತ್ತು ಆಹಾರ ಎಲ್ಲೆಡೆ ಇದ್ದಾಗ ಲೋಳೆಗೆ ಎಲ್ಲಿಗೂ ಹೋಗುವ ಕಾರಣವಿರುವುದಿಲ್ಲ. ತಣ್ಣೀರಿನಲ್ಲಿ ಪುಡಿಯನ್ನು ಕಲಸಿ, ಕಲಕುತ್ತ ಕುದಿಸಿ, ಪೂರ್ತಿ ತಿಳಿಯಾಗುವ ತನಕ ಒಂದೆರಡು ನಿಮಿಷ ಕುದಿಯಲು ಬಿಡಿ. ತಕ್ಷಣ ಸುರಿಯಬೇಡಿ, 55 ಡಿಗ್ರಿ ಸೆಲ್ಸಿಯಸ್ಸಿನ ಸುಮಾರಿಗೆ ಇಳಿದ ಮೇಲೆ 9 ಸೆಂಟಿಮೀಟರ್‌ನ ಪೆಟ್ರಿ ತಟ್ಟೆಗೆ 20 ಮಿಲಿಲೀಟರಿನಂತೆ ಸುರಿಯಿರಿ. ಇಷ್ಟರಲ್ಲಿ 25 ತಟ್ಟೆಗಳಾಗುತ್ತವೆ. ಬಿಸಿಬಿಸಿಯಾಗಿ ಸುರಿದರೆ ಮುಚ್ಚಳದಲ್ಲಿ ಹಬೆ ನೀರಾಗಿ ತೊಟ್ಟಿಕ್ಕಿ, ಆ ಹನಿಗಳೇ ಮುಂದೆ ಲೋಳೆಗೆ ಕಳ್ಳದಾರಿಗಳಾಗುತ್ತವೆ. ಗಟ್ಟಿಯಾದ ತಟ್ಟೆಗಳನ್ನು ಬೋರಲಾಗಿ ಇಡಿ.

ಒಣ ಕಾಗದದ ಒಂದು ಚದರ ಸೆಂಟಿಮೀಟರ್ ತುಂಡನ್ನು ಹಳದಿ ಮುಖ ಕೆಳಗಾಗುವಂತೆ ಅಗರ್ ಮೇಲಿಟ್ಟು, ಮೇಲೆ ಒಂದೆರಡು ಹನಿ ನೀರು ಬಿಟ್ಟು, ಪಕ್ಕದಲ್ಲಿ ಒಂದೆರಡು ಓಟ್ಸ್ ಚಕ್ಕೆ ಇಡಿ. ಕತ್ತಲಲ್ಲಿ, 20ರಿಂದ 26 ಡಿಗ್ರಿಯಲ್ಲಿ ಇಟ್ಟರೆ ಸಾಮಾನ್ಯವಾಗಿ ಒಂದು ದಿನದೊಳಗೆ ಹಳದಿ ಅಂಚು ಹೊರಬರುತ್ತದೆ. 30 ಡಿಗ್ರಿ ದಾಟಿದರೆ ಸೊರಗುತ್ತದೆ. ಓಟ್ಸ್ ಸಾದಾ ಚಕ್ಕೆಯಾಗಿರಲಿ. ಮಸಾಲೆ, ಉಪ್ಪು, ಸಕ್ಕರೆ ಬೆರೆಸಿದ ತ್ವರಿತ ಓಟ್ಸ್ ಬೇಡ. ಮೊದಲ ದಿನ ತಟ್ಟೆಗೆ ನಾಲ್ಕೈದಕ್ಕಿಂತ ಹೆಚ್ಚು ಚಕ್ಕೆ ಬೇಡ. ಹೊಸಬರೆಲ್ಲ ಮಾಡುವುದು ಇದಕ್ಕೆ ತದ್ವಿರುದ್ಧ: ಪ್ರೀತಿಯಿಂದ ಒಂದು ಹಿಡಿ ಸುರಿಯುತ್ತಾರೆ, ತಿನ್ನದೆ ಉಳಿದ ಚಕ್ಕೆಗಳಲ್ಲಿ ಮೂರನೇ ದಿನಕ್ಕೆ ಬೂದು ಬೂಷ್ಟು ಎದ್ದಿರುತ್ತದೆ.

ಬೂಷ್ಟು ಬಂದರೆ ತಟ್ಟೆಯನ್ನು ತೊಳೆಯಲು ಹೋಗಬೇಡಿ. ಲೋಳೆಯ ಓಟವನ್ನೇ ಬಳಸಿಕೊಳ್ಳಿ. ಬೂಷ್ಟಿನಿಂದ ಅತಿ ದೂರದ ಬೀಸಣಿಗೆ ಅಂಚಿನಿಂದ, ಕುದಿನೀರಿನಲ್ಲಿ ಅದ್ದಿ ತೆಗೆದ ಚಮಚದಲ್ಲಿ, ಅಗರ್ ಸಮೇತ ಒಂದು ಸೆಂಟಿಮೀಟರ್ ಚೌಕ ಕತ್ತರಿಸಿ ಆಹಾರವಿಲ್ಲದ ಹೊಸ ತಟ್ಟೆಯ ಒಂದು ಬದಿಗೆ ಇಡಿ. ಎದುರು ಬದಿಗೆ ಒಂದು ಚಕ್ಕೆ. ರಾತ್ರಿ ಕಳೆಯುವಷ್ಟರಲ್ಲಿ ಅದು ತಟ್ಟೆ ದಾಟಿರುತ್ತದೆ, ಬೂಷ್ಟಿನ ಎಳೆಗಳಿಗೆ ಅಷ್ಟು ವೇಗವಿಲ್ಲ. ಹೊಸ ಅಂಚನ್ನು ಮತ್ತೆ ಕತ್ತರಿಸಿ ಇನ್ನೊಂದು ತಟ್ಟೆಗೆ ಸಾಗಿಸಿ. ಎರಡು ಮೂರು ಸಲ ಹೀಗೆ ಓಡಿಸಿದರೆ ಬಹುಪಾಲು ಶುದ್ಧವಾಗುತ್ತದೆ. ಬೂಷ್ಟಿಲ್ಲದಿದ್ದರೂ ಎರಡು ದಿನಕ್ಕೊಮ್ಮೆ ತಟ್ಟೆ ಬದಲಿಸುವುದು ಒಳ್ಳೆಯದು. ಕತ್ತರಿಸುವುದರಿಂದ ಹಾನಿಯಿಲ್ಲ. ಕಡಿದ ನಾಳ ಕೆಲವೇ ನಿಮಿಷಗಳಲ್ಲಿ ಮುಚ್ಚಿಕೊಳ್ಳುತ್ತದೆ, ತುಣುಕು ಸ್ವತಂತ್ರ ಜೀವಿಯಾಗುತ್ತದೆ.

ಮುಚ್ಚಳದ ಸಂದಿಯಿಂದ ಇದು ಹೊರಗೆ ತೆವಳುವುದುಂಟು. ಗಾಬರಿ ಬೇಡ, ವಿಷವಿಲ್ಲ, ಒಣ ಮೇಜಿನ ಮೇಲೆ ದೂರ ಹೋಗಲಾರದು. ಹೊರಬಂದಿತೆಂದರೆ ಸಾಮಾನ್ಯವಾಗಿ ಒಳಗೆ ಆಹಾರ ಮುಗಿದಿದೆ ಅಥವಾ ತಟ್ಟೆ ಹಳಸಿದೆ ಎಂದರ್ಥ.

ಚಕ್ರವ್ಯೂಹಕ್ಕೆ ಹೋಗುವ ಮೊದಲು ಸರಳವಾದ ಆಯ್ಕೆ ಪರೀಕ್ಷೆ ಮಾಡಿಸಿ. ತಟ್ಟೆಯ ನಡುವೆ ಲೋಳೆಯ ಚೌಕ, ಎರಡು ಬದಿಗೆ ಸಮದೂರದಲ್ಲಿ, ಸುಮಾರು 3 ಸೆಂಟಿಮೀಟರಿಗೆ, ಒಂದೊಂದು ಅಗರ್ ತುಂಡು: ಒಂದರ ಮೇಲೆ ಓಟ್ಸ್, ಇನ್ನೊಂದು ಬರಿದು. ಬದಿಗಳನ್ನು ನಾಣ್ಯ ಚಿಮ್ಮಿ ನಿರ್ಧರಿಸಿ. ಎಲ್ಲ ತಟ್ಟೆಗಳಲ್ಲೂ ಓಟ್ಸ್ ಕಿಟಕಿಯ ಕಡೆಗೇ ಇದ್ದರೆ ನೀವು ಅಳೆಯುತ್ತಿರುವುದು ಹಸಿವನ್ನೋ ಬೆಳಕನ್ನೋ ಎಂದು ಹೇಳಲಾಗದು. 20 ತಟ್ಟೆ ಇಟ್ಟರೆ, ಬರೀ ಆಕಸ್ಮಿಕದಿಂದಲೇ ಕನಿಷ್ಠ 15ರಲ್ಲಿ ಒಂದೇ ಕಡೆ ಮೊದಲು ಮುಟ್ಟುವ ಸಾಧ್ಯತೆ ಶೇ. 5ಕ್ಕಿಂತ ಕಡಿಮೆ. 20ರಲ್ಲಿ 12 ಬಂದರೆ ಏನೂ ಹೇಳಿದಂತಾಗಲಿಲ್ಲ. ಮಕ್ಕಳಿಗೆ ಇದನ್ನು ಪ್ರಯೋಗಕ್ಕೆ ಮೊದಲೇ ಹೇಳಿ, ಎಣಿಕೆಯ ನಿಯಮವನ್ನೂ ಮೊದಲೇ ಬರೆದಿಟ್ಟುಕೊಳ್ಳಿ: ಯಾವಾಗ ಮುಟ್ಟಿದಂತೆ ಲೆಕ್ಕ, ಎರಡೂ ಕಡೆ ಒಟ್ಟಿಗೆ ಹೋದರೆ ಏನು, 24 ಗಂಟೆ ಕಳೆದರೂ ಹಂದದ ತಟ್ಟೆಯನ್ನು ಸೇರಿಸಬೇಕೆ ಬೇಡವೆ. ಫಲಿತಾಂಶ ನೋಡಿದ ಮೇಲೆ ನಿಯಮ ಮಾಡಿದರೆ ಯಾವ ಲೋಳೆಯೂ ಬುದ್ಧಿವಂತವಾಗಿ ಕಾಣುತ್ತದೆ.

ಚಕ್ರವ್ಯೂಹಕ್ಕೆ ದಪ್ಪ ಪಾರದರ್ಶಕ ಪ್ಲಾಸ್ಟಿಕ್ ಹಾಳೆಯಲ್ಲಿ 5 ಸೆಂಟಿಮೀಟರ್ ಚೌಕದೊಳಗೆ ಓಣಿಗಳನ್ನು ಕತ್ತರಿಸಿ ತೆಗೆಯಿರಿ. ಓಣಿಯ ಅಗಲ 5 ಮಿಲಿಮೀಟರ್ ಇರಲಿ. ಅದಕ್ಕಿಂತ ಕಿರಿದಾದರೆ ತುಣುಕು ಇಡುವುದು ಕಷ್ಟ, ಅಗಲವಾದರೆ ಓಣಿಯೊಳಗೇ ಲೋಳೆ ಬಲೆ ಹೆಣೆದು ಕೂರುತ್ತದೆ. ಮೊದಲ ಸಲಕ್ಕೆ ಒಂದೇ ಕವಲು, ಒಂದೆರಡು ಕುರುಡು ಓಣಿ ಸಾಕು. ಹಾಳೆ ಪೂರ್ತಿ ಒಣಗಿರಬೇಕು, ಅಗರ್ ಮೇಲೆ ಗುಳ್ಳೆಯಿಲ್ಲದೆ ಕೂರಬೇಕು. ಅಂಚು ಎದ್ದಿದ್ದರೆ ಲೋಳೆ ಅಡಿಯಿಂದ ನುಸುಳುತ್ತದೆ. ಚೆನ್ನಾಗಿ ತಿಂದ ಲೋಳೆಯನ್ನು 12 ಗಂಟೆ ಉಪವಾಸವಿಟ್ಟು, ಅಂಚಿನಿಂದ 3-4 ಮಿಲಿಮೀಟರ್ ತುಣುಕುಗಳನ್ನು ಕತ್ತರಿಸಿ ಎಲ್ಲ ಓಣಿಗಳಲ್ಲೂ ಸುಮಾರು ಒಂದೊಂದು ಸೆಂಟಿಮೀಟರ್ ಅಂತರಕ್ಕೆ ಇಡಿ. ಅವು ಕೂಡಿ ಓಣಿಗಳೆಲ್ಲ ತುಂಬುವ ತನಕ, ಕೆಲವು ಗಂಟೆ, ಕತ್ತಲಲ್ಲಿ ಬಿಡಿ. ತುಂಬುವ ಮೊದಲೇ ಆಹಾರ ಇಟ್ಟರೆ ಹತ್ತಿರದ ತುಣುಕು ಅಲ್ಲೇ ಕೂತುಬಿಡುತ್ತದೆ, ಪ್ರಯೋಗ ಅಲ್ಲಿಗೆ ಮುಗಿಯಿತು. ಆಮೇಲೆ ಎರಡು ತುದಿಗಳಲ್ಲಿ ಸಮಗಾತ್ರದ ಆಹಾರ: ಪುಡಿ ಮಾಡಿದ ಓಟ್ಸನ್ನು ಅಗರ್‌ನಲ್ಲಿ ಬೆರೆಸಿ, ಒಂದೇ ಅಳತೆಗೆ ಕತ್ತರಿಸಿದ ತುಂಡುಗಳು. ಬಿಡಿ ಚಕ್ಕೆಗಳಾದರೆ ಗಾತ್ರದಲ್ಲಿ ಸಮ ಸಿಗುವುದಿಲ್ಲ.

ಹತ್ತು ನಿಮಿಷಕ್ಕೊಂದು ಫೋಟೊ ತೆಗೆದರೆ ಬದಲಾವಣೆ ಚೆನ್ನಾಗಿ ಹಿಡಿಸುತ್ತದೆ. ದೀಪ ಸದಾ ಉರಿಯುವುದು ಬೇಡ, ಫೋಟೊ ತೆಗೆಯುವ ಕ್ಷಣಕ್ಕಷ್ಟೇ ಹತ್ತಿ ಆರಲಿ. ನೀಲಿ ಬೆಳಕಂತೂ ಇದನ್ನು ಓಡಿಸುತ್ತದೆ. ಒಳಗಿನ ಹರಿವು ತಿರುಗುವುದನ್ನು ಚಿತ್ರೀಕರಿಸಬೇಕಿದ್ದರೆ ಐದು ಸೆಕೆಂಡಿಗೊಂದು ಚಿತ್ರ ಬೇಕು.

ಉದ್ದದ ದಾರಿ ಉಳಿಯಿತು, ಅಥವಾ ಎರಡೂ ಉಳಿದವು ಎಂದಾಗ ಮೊದಲು ನೋಡಬೇಕಾದದ್ದು ಪ್ಲಾಸ್ಟಿಕ್ಕಿನ ಮೇಲಿನ ತೇವ. ಹಬೆ ಕೂತು ಒದ್ದೆಯಾದ ಗೋಡೆಯನ್ನು ಲೋಳೆ ಸಲೀಸಾಗಿ ದಾಟುತ್ತದೆ. ಎರಡನೆಯದು ಆಹಾರದ ಪ್ರಮಾಣ. ಹೆಚ್ಚಾದರೆ ಜೀವಿ ಎರಡಾಗಿ ಒಡೆದು ಎರಡು ತುದಿಗಳಲ್ಲಿ ನೆಮ್ಮದಿಯಾಗಿರುತ್ತದೆ, ನಡುವಿನ ನಾಳ ಅದಕ್ಕೆ ಬೇಡ. ಮೂರನೆಯದು, ಹಳೆಯ ತಟ್ಟೆಯನ್ನೇ ಮತ್ತೆ ಬಳಸಿದ್ದು. ಮೇಲೆ ಹೇಳಿದ ಲೋಳೆ ಜಾಡು ಕಣ್ಣಿಗೆ ಕಾಣದಿದ್ದರೂ ಫಲಿತಾಂಶ ಕೆಡಿಸುತ್ತದೆ. ಪ್ರತಿ ಸಲವೂ ಹೊಸ ಅಗರ್ ಬೇಕು.

ಒಗ್ಗುವಿಕೆಯನ್ನು ನೋಡಬಯಸಿದರೆ ಕ್ವಿನೀನ್ ಬೇಡ, ಅಡುಗೆ ಉಪ್ಪು ಸಾಕು. ಸೇತುವೆಯ ಅಗರ್‌ಗೆ ಲೀಟರಿಗೆ 6 ಗ್ರಾಂ ಉಪ್ಪು, ಅಂದರೆ ಸುಮಾರು 100 ಮಿಲಿಮೋಲಾರ್. ಅರ್ಧದಷ್ಟು ತಟ್ಟೆಗಳಲ್ಲಿ ಉಪ್ಪಿಲ್ಲದ ಸೇತುವೆ ಇರಲಿ, ಇಲ್ಲದಿದ್ದರೆ ದಿನ ಕಳೆದಂತೆ ದಾಟುವ ಸಮಯ ಕಡಿಮೆಯಾದದ್ದು ಉಪ್ಪಿಗೆ ಒಗ್ಗಿದ್ದರಿಂದಲೋ ಸೇತುವೆಗೆ ಒಗ್ಗಿದ್ದರಿಂದಲೋ ತಿಳಿಯದು. ಆರು ದಿನ ಬಿಡದೆ ನಡೆಸಬೇಕು. ನಡುವೆ ಭಾನುವಾರ ಬಂದರೆ ಮರೆವಿನ ಲೆಕ್ಕ ಶುರುವಾಗುತ್ತದೆ ಎಂಬುದು ಶಾಲೆಗಳಲ್ಲಿ ಈ ಪ್ರಯೋಗಕ್ಕಿರುವ ದೊಡ್ಡ ತೊಡಕು. ಸೋಮವಾರ ಶುರುಮಾಡಿ ಶನಿವಾರ ಮುಗಿಸಿ.

ಎರಡು ಎಚ್ಚರಿಕೆಗಳು. ಹಲವು ದಿನ ಉಪವಾಸವಿದ್ದ ಲೋಳೆಗೆ ಬೆಳಕು ತಗುಲಿದರೆ ಅದು ಕಪ್ಪು ತಲೆಗಳಾಗಿ ಮಾರ್ಪಟ್ಟು ಬೀಜಕಣ ಬಿಡುತ್ತದೆ. ನೋಡಲು ಚಂದ, ಆದರೆ ಬೀಜಕಣದ ಧೂಳು ಕೆಲವರಿಗೆ ಅಲರ್ಜಿ ತರಬಹುದು. ತರಗತಿಯಲ್ಲಿ ಅಷ್ಟು ದೂರ ಬಿಡಬೇಡಿ, ಕಪ್ಪು ತಲೆ ಕಂಡರೆ ತಟ್ಟೆಯನ್ನು ತೆರೆಯದೆ ವಿಲೇವಾರಿ ಮಾಡಿ. ಇನ್ನೊಂದು, ಕೊಂಡುತಂದ ತಳಿಯನ್ನು ತೋಟಕ್ಕೆ ಎಸೆಯಬೇಡಿ. ಅಗರ್ ಸಮೇತ ಕುದಿಯುವ ನೀರಿಗೆ ಹಾಕಿ, ತಣಿದ ಮೇಲೆ ಕಸಕ್ಕೆ ಹಾಕಿ.

ಮುಂದಿನ ವರ್ಷಕ್ಕೆ ಉಳಿಸಿಕೊಳ್ಳುವುದು ಸುಲಭ. ಚೆನ್ನಾಗಿ ಬೆಳೆದ ಲೋಳೆಯನ್ನು ಒದ್ದೆ ಸೋಸುಕಾಗದದ ಮೇಲೆ ಹರಡಲು ಬಿಟ್ಟು, ಮುಚ್ಚಳವನ್ನು ತುಸು ಓರೆಯಾಗಿಸಿ ಕತ್ತಲಲ್ಲಿ ಎರಡು ಮೂರು ದಿನ ನಿಧಾನವಾಗಿ ಒಣಗಿಸಿ. ಬಿಸಿಲಲ್ಲಿ ಬೇಗ ಒಣಗಿಸಿದರೆ ಸಾಯುತ್ತದೆ, ಸುಪ್ತವಾಗಲು ಅದಕ್ಕೆ ಸಮಯ ಬೇಕು. ಕಿತ್ತಳೆ ಬಣ್ಣದ ಗಟ್ಟಿ ಹೊಪ್ಪಳೆ ಕಟ್ಟಿದ ಕಾಗದವನ್ನು ಲಕೋಟೆಗೆ ಹಾಕಿ, ದಿನಾಂಕ ಬರೆದು ತಂಪಾದ ಒಣ ಜಾಗದಲ್ಲಿಡಿ. ಒಂದು ವರ್ಷದ ಮೇಲೂ ಸಾಮಾನ್ಯವಾಗಿ ಏಳುತ್ತದೆ. ಹಳೆಯದಾದಷ್ಟೂ ಏಳಲು ಹೆಚ್ಚು ಹೊತ್ತು ಹಿಡಿಯುವುದರಿಂದ ತರಗತಿಗೆ ನಾಲ್ಕೈದು ದಿನ ಮೊದಲೇ ನೀರು ಹಾಕಿ.